ನಿಮ್ಮ ಸಂಸದರ ಲೆಕ್ಕ ಕೇಳುವುದು ಹೇಗೆ: ಧಾರವಾಡ, ಗದಗ, ಹಾವೇರಿ ಮತದಾರರಿಗೆ

‘ನಮ್ಮ ಎಂಪಿ ಏನು ಮಾಡ್ಯಾರ?’ ಅಂತ ಕೇಳಿದರೆ ಬೆಂಬಲಿಗರು ‘ಎಲ್ಲಾ ಮಾಡ್ಯಾರ’ ಅನ್ನುತ್ತಾರೆ, ವಿರೋಧಿಗಳು ‘ಏನೂ ಮಾಡಿಲ್ಲ’ ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಕಾಗದ ಇರುವುದಿಲ್ಲ. ಸಂಸದರ ಕೆಲಸದ ಬಹುಪಾಲು ದಾಖಲೆ ಪುಕ್ಕಟೆ ಸಿಗುತ್ತದೆ, ಉಳಿದದ್ದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಗೆ ಸಿಗುತ್ತದೆ. ಅಂಕಿಗಳ ಪಟ್ಟಿ ನೋಡಿ ತೀರ್ಪು ಕೊಡಲು ಹೊರಟರೆ ದಾರಿ ತಪ್ಪುವುದು ಸುಲಭ. ನಿಮಗೆ ಬೇಕಾದ ಒಂದೇ ವಿಷಯ ಹಿಡಿದು, ಅದರ ಕಾಗದದ ಜಾಡಿನಲ್ಲೇ ಕೊನೆವರೆಗೆ ಹೋಗಿ. ಇಲ್ಲಿ ಮಹದಾಯಿ ಕಣಿವೆಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಯಾರ ಸಂಸದರು ಯಾರು

ಜಿಲ್ಲೆಯ ಗಡಿ ಬೇರೆ, ಲೋಕಸಭಾ ಕ್ಷೇತ್ರದ ಗಡಿ ಬೇರೆ. ಶಿಗ್ಗಾಂವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಧಾರವಾಡ ಲೋಕಸಭೆಗೆ ಸೇರುತ್ತದೆ. ಗದಗ, ರೋಣ, ಶಿರಹಟ್ಟಿ ಹಾವೇರಿ ಲೋಕಸಭೆಗೆ ಹೋಗುತ್ತವೆ, ಅದೇ ಗದಗ ಜಿಲ್ಲೆಯ ನರಗುಂದ ಬಾಗಲಕೋಟೆಗೆ. ಹೀಗಾಗಿ ಕಳಸಾ-ಬಂಡೂರಿ ನೀರಿಗಾಗಿ ಒಟ್ಟಿಗೆ ಬೀದಿಗಿಳಿದ ನವಲಗುಂದ, ನರಗುಂದ, ರೋಣದ ರೈತರಿಗೆ ಮೂವರು ಬೇರೆ ಬೇರೆ ಸಂಸದರು. ಒಬ್ಬರನ್ನೇ ಕೇಳಿ ಸುಮ್ಮನಾದರೆ ಉಳಿದಿಬ್ಬರು ಲೆಕ್ಕದಿಂದ ತಪ್ಪಿಸಿಕೊಂಡ ಹಾಗೆ. ಇವರ ಜೊತೆಗೆ ಕರ್ನಾಟಕದ 12 ರಾಜ್ಯಸಭಾ ಸದಸ್ಯರಿದ್ದಾರೆ. ಅವರು ಇಡೀ ರಾಜ್ಯಕ್ಕೆ ಉತ್ತರದಾಯಿಗಳು, ನಿಮಗೂ ಸಹ.

ಹಾಜರಿ ಮತ್ತು ಪ್ರಶ್ನೆಗಳು

ಸಂಸತ್ತಿನ ಜಾಲತಾಣ ‘ಸಂಸದ್ ಡಾಟ್ ಇನ್’ನಲ್ಲಿ ಲೋಕಸಭೆ ವಿಭಾಗ ತೆರೆದು ಸದಸ್ಯರ ಹೆಸರು ಹುಡುಕಿ. ಕೇಳಿದ ಪ್ರಶ್ನೆಗಳು, ಚರ್ಚೆಗಳು, ಖಾಸಗಿ (ಸಚಿವರಲ್ಲದ ಸದಸ್ಯರು ತಂದ) ಮಸೂದೆಗಳು ಸಿಗುತ್ತವೆ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಎಂಪಿ ಟ್ರ್ಯಾಕ್ ಪುಟ ಇದೇ ಮಾಹಿತಿಯನ್ನು ರಾಜ್ಯದ ಸರಾಸರಿ, ದೇಶದ ಸರಾಸರಿ ಜೊತೆ ಹೋಲಿಸಿ ತೋರಿಸುತ್ತದೆ.

ಧಾರವಾಡದವರು ಇಲ್ಲೇ ಮೊದಲು ಎಡವುತ್ತಾರೆ. ಪ್ರಲ್ಹಾದ ಜೋಶಿ ಅವರು 2024ರ ಜೂನ್‌ನಲ್ಲಿ ಆಹಾರ, ಗ್ರಾಹಕ ವ್ಯವಹಾರ ಹಾಗೂ ನವೀಕರಿಸಬಹುದಾದ ಇಂಧನ ಖಾತೆಗಳ ಸಚಿವರಾದರು. ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುವವರೇ ಅವರು. ಖಾಲಿ ಕಾಲಂ ನೋಡಿ ‘ಒಂದು ದಿನವೂ ಹೋಗಿಲ್ಲ’ ಅಂತ ವಾಟ್ಸಾಪ್‌ನಲ್ಲಿ ಹಂಚಿದರೆ ಅದು ಸುಳ್ಳು. ಸಚಿವರಾದವರನ್ನು ಅಳೆಯಲು ಬೇರೆ ಕಾಗದ ನೋಡಬೇಕು: ಅವರ ಖಾತೆ ಕೊಟ್ಟ ಉತ್ತರಗಳು, ಮಂಡಿಸಿದ ಮಸೂದೆಗಳು, ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲೆಯ ‘ದಿಶಾ’ ಸಭೆ. ಹಾವೇರಿಯ ಬಸವರಾಜ ಬೊಮ್ಮಾಯಿ ಅವರು 2024ರಲ್ಲಿ ಗೆದ್ದು ಸಾಮಾನ್ಯ ಸದಸ್ಯರಾಗಿ ಸದನಕ್ಕೆ ಹೋದವರು. ಅವರಿಗೆ ಹಾಜರಿ, ಪ್ರಶ್ನೆಗಳ ಲೆಕ್ಕ ನೇರವಾಗಿ ಅನ್ವಯಿಸುತ್ತದೆ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಹಾಜರಿಯ ಮಿತಿಯೂ ಗೊತ್ತಿರಲಿ. ದಿನಕ್ಕೊಮ್ಮೆ ಗುರುತು ಬಿದ್ದರೆ ಆ ದಿನದ ಹಾಜರಿ ಆಯಿತು. ಎಷ್ಟು ಹೊತ್ತು ಕೂತರು ಅನ್ನುವುದು ಅದರಲ್ಲಿ ಕಾಣಿಸದು. ಒಂದೊಂದು ಖಾತೆಯ ಕೆಲಸ ಪರಿಶೀಲಿಸುವ ಸಂಸತ್ತಿನ ಸ್ಥಾಯಿ ಸಮಿತಿಯ ಕೆಲಸವೂ ಅಲ್ಲಿ ಕಾಣಿಸದು. ಅದಕ್ಕೆ ಸಮಿತಿ ವರದಿಯ ಕೊನೆಯ ಪುಟಗಳಿಗೆ ಹೋಗಿ. ಸಭೆಯ ನಡಾವಳಿಯನ್ನು ಅನುಬಂಧವಾಗಿ ಹಾಕಿರುತ್ತಾರೆ, ಬಂದ ಸದಸ್ಯರ ಹೆಸರು ಅದರಲ್ಲಿರುತ್ತದೆ. ತುಂಬಾ ಜನ ನೋಡದ, ಆದರೆ ನೋಡಲೇಬೇಕಾದ ಪುಟ ಅದು.

ಪ್ರಶ್ನೆಗಳ ಸಂಖ್ಯೆಗೂ ಮರುಳಾಗಬೇಡಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ (ಸದನದಲ್ಲಿ ಬಾಯಿಮಾತಿನ ಉತ್ತರ ಬೇಕಾದ) ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರದ) ಪ್ರಶ್ನೆ ಪಟ್ಟಿಗೆ ಬರುತ್ತವೆ. ಯಾರದು ಮೊದಲು ಅನ್ನುವುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಒಂದೇ ರೀತಿಯ ಪ್ರಶ್ನೆಗಳನ್ನು ಕೂಡಿಸಿ ನಾಲ್ಕೈದು ಸದಸ್ಯರ ಹೆಸರು ಹಾಕುವುದುಂಟು. ಆದ್ದರಿಂದ ಪ್ರಶ್ನೆಯನ್ನು ತೆರೆದು ಓದಿ. ‘ದೇಶದಲ್ಲಿ ರೈಲು ನಿಲ್ದಾಣಗಳ ಅಭಿವೃದ್ಧಿಗೆ ಕ್ರಮವೇನು’ ಅಂತ ಕೇಳುವುದಕ್ಕೂ, ‘ಗದಗ-ಯಲವಿಗಿ ಮಾರ್ಗಕ್ಕೆ ಈವರೆಗೆ ಎಷ್ಟು ಎಕರೆ ಸ್ವಾಧೀನವಾಗಿದೆ’ ಅಂತ ಕೇಳುವುದಕ್ಕೂ ಅಜಗಜಾಂತರ.

ಹುಡುಕುವಾಗ ಇಂಗ್ಲಿಷ್ ಕಾಗುಣಿತ ಕೈ ಕೊಡುತ್ತದೆ. ಹುಬ್ಬಳ್ಳಿಯ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾದರೂ ‘ಹುಬ್ಳಿ’, ‘ಹುಬ್ಬಳ್ಳಿ’ ಎರಡೂ ಬಗೆ ಕಡತಗಳಲ್ಲಿ ಓಡಾಡುತ್ತವೆ. ಮಹದಾಯಿಯನ್ನು ‘ಮಾಂಡೋವಿ’, ‘ಮ್ಹಾದೇಯಿ’ ಅಂತಲೂ, ಬಂಡೂರಿಯನ್ನು ‘ಭಂಡೂರ’ ಅಂತಲೂ ಬರೆದಿರುತ್ತಾರೆ. ಎಲ್ಲ ರೂಪ ಹಾಕಿ ನೋಡಿದ ಮೇಲೆಯೇ ‘ಪ್ರಶ್ನೆ ಕೇಳಿಲ್ಲ’ ಅನ್ನಿ.

ಉತ್ತರ ಓದುವ ಬಗೆ

ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ ಮಲಪ್ರಭೆಗೆ ತಿರುಗಿಸಬಹುದು. ತೀರ್ಪು ಗೆಜೆಟ್‌ನಲ್ಲಿ ಬಂದದ್ದು 2020ರ ಫೆಬ್ರವರಿಯಲ್ಲಿ, ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ. ಇಷ್ಟು ತಿಳಿದುಕೊಂಡು ಉತ್ತರ ತೆರೆದರೆ ಅದರಲ್ಲಿ ಹೊಸದು ಎಷ್ಟು, ಹಳೆಯದನ್ನೇ ತಿರುವಿ ಹಾಕಿದ್ದು ಎಷ್ಟು ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಪ್ರಶ್ನೆ ಯಾವ ಸಚಿವಾಲಯಕ್ಕೆ ಹೋಗಿದೆ ಅನ್ನುವುದನ್ನೂ ನೋಡಿ. ಯೋಜನಾ ವರದಿ ಜಲಶಕ್ತಿ ಸಚಿವಾಲಯದ್ದು. ಅರಣ್ಯ, ವನ್ಯಜೀವಿ ಅನುಮತಿ ಪರಿಸರ ಸಚಿವಾಲಯದ್ದು. ಕಾಡಿನ ಅನುಮತಿಯ ಪ್ರಶ್ನೆಯನ್ನು ಜಲಶಕ್ತಿಗೆ ಕೇಳಿದರೆ ಅರ್ಧ ಉತ್ತರ ಬರುವುದು ಸಹಜ.

ಉತ್ತರದಲ್ಲಿ ‘ವಿಷಯ ಪರಿಶೀಲನೆಯಲ್ಲಿದೆ’ ಅಥವಾ ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಅಂತ ಇದ್ದರೆ ಆ ಸಾಲಿಗೆ ಗುರುತು ಹಾಕಿ. ಇದು ಓದುಗರಿಗೆ ಜಾರಿಕೆ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ಸಂಸತ್ತಿನ ಲೆಕ್ಕದಲ್ಲಿ ಇದು ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಸಚಿವಾಲಯ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಹೆಚ್ಚಿನ ಸಮಯ ಕೇಳಬೇಕು. ಆ ಸಮಿತಿಯ ವರದಿಗಳೂ ಅದೇ ಜಾಲತಾಣದಲ್ಲಿವೆ. ಬಾಕಿ ಉಳಿದ ಭರವಸೆಯನ್ನು ಸಂಸದರು ಮತ್ತೆ ಎತ್ತಿದರೋ ಇಲ್ಲವೋ ಅನ್ನುವುದೇ ನಿಜವಾದ ಪರೀಕ್ಷೆ.

ಮತ ಹಾಕಿದ ದಾಖಲೆ ಹುಡುಕುವವರಿಗೆ ಒಂದು ಮಾತು: ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ, ಯಾರು ಏನು ಅಂದರು ಅನ್ನುವುದು ಎಲ್ಲೂ ಇರುವುದಿಲ್ಲ. ಮತವಿಭಜನೆ ಆದಾಗ ಮಾತ್ರ ಚರ್ಚೆಯ ನಡಾವಳಿಯಲ್ಲಿ ಹೆಸರುಗಳು ಬರುತ್ತವೆ. ಸಂವಿಧಾನ ತಿದ್ದುಪಡಿಗೆ ಮತವಿಭಜನೆ ಕಡ್ಡಾಯ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454-2ರಲ್ಲಿ ಗೆದ್ದದ್ದು ಹಾಗೆ.

ಐದು ಕೋಟಿಯ ಲೆಕ್ಕ

ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಲೋಕಸಭಾ ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಕ್ಷೇತ್ರಕ್ಕೆ ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ. ಇದರಲ್ಲಿ ಪರಿಶಿಷ್ಟ ಜಾತಿ ಜನವಸತಿಗೆ ಶೇ 15 ಅಂದರೆ 75 ಲಕ್ಷ, ಪರಿಶಿಷ್ಟ ಪಂಗಡಕ್ಕೆ ಶೇ 7.5 ಅಂದರೆ 37.5 ಲಕ್ಷ. ದೊಡ್ಡ ಮೊತ್ತವಲ್ಲ, ಆದರೆ ಸಂಸದರ ಸ್ವಂತ ಆಯ್ಕೆ ಎದ್ದು ಕಾಣುವ ಜಾಗ ಇದು.

ಸಂಸದರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡುತ್ತದೆ, ಕೆಲಸ ವಹಿಸಿಕೊಂಡ ಅನುಷ್ಠಾನ ಏಜೆನ್ಸಿ ಕಟ್ಟುತ್ತದೆ. ಶಿಫಾರಸು ಬಂದ 45 ದಿನದೊಳಗೆ ಮಂಜೂರಾತಿ ಅಥವಾ ತಿರಸ್ಕಾರ ತಿಳಿಸಬೇಕು, ಸಾಮಾನ್ಯವಾಗಿ ಒಂದು ವರ್ಷದಲ್ಲಿ ಕೆಲಸ ಮುಗಿಯಬೇಕು. ಹಾಗಾಗಿ ನಿಮಗೆ ಬೇಕಾದ್ದು ಮೂರು ದಿನಾಂಕ: ಶಿಫಾರಸು, ಮಂಜೂರಾತಿ, ಪೂರ್ಣಗೊಂಡದ್ದು. ಮೊದಲನೆಯದೇ ಇಲ್ಲದಿದ್ದರೆ ಸಂಸದರನ್ನು ಕೇಳಿ. ಮೊದಲೆರಡರ ನಡುವೆ ಐದಾರು ತಿಂಗಳು ಕಳೆದಿದ್ದರೆ ಜಿಲ್ಲಾಧಿಕಾರಿ ಕಚೇರಿ ಉತ್ತರ ಹೇಳಬೇಕು. ಆಮೇಲೆ ನಿಂತಿದ್ದರೆ ಏಜೆನ್ಸಿ. ಈ ಮೂರನ್ನು ಬೇರ್ಪಡಿಸದೆ ಬೈದರೆ ಮೂವರೂ ಒಬ್ಬರ ಮೇಲೊಬ್ಬರು ಹಾಕಿ ಕೈ ತೊಳೆದುಕೊಳ್ಳುತ್ತಾರೆ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಮಾರ್ಗಸೂಚಿಯ ಪ್ರಕಾರ ಶಿಫಾರಸಿನಿಂದ ಪಾವತಿವರೆಗೆ ಎಲ್ಲವೂ ಇ-ಸಾಕ್ಷಿ ಪೋರ್ಟಲ್‌ನಲ್ಲಿ ನಡೆಯುತ್ತದೆ. ಅಲ್ಲಿ ಸಿಗದ ವಿವರಕ್ಕೆ ಮಾಹಿತಿ ಹಕ್ಕು ಅರ್ಜಿ. ಅದನ್ನು ಸಂಸದರ ಮನೆಗೋ ಪಕ್ಷದ ಕಚೇರಿಗೋ ಕಳಿಸಿದರೆ ಪ್ರಯೋಜನವಿಲ್ಲ. ಕೆಲಸ ಇರುವ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹಾಕಿ. ಧಾರವಾಡದ ಸಂಸದರು ಶಿಗ್ಗಾಂವಿಗೆ ಕೊಟ್ಟ ಕೆಲಸದ ಕಡತ ಹಾವೇರಿಯಲ್ಲಿ, ಹಾವೇರಿ ಸಂಸದರು ರೋಣಕ್ಕೆ ಕೊಟ್ಟದ್ದರ ಕಡತ ಗದಗಿನಲ್ಲಿ ಇರುತ್ತದೆ. ತಪ್ಪು ಕಚೇರಿಗೆ ಹೋದರೂ ಕಲಂ 6(3)ರ ಪ್ರಕಾರ ಅವರು 5 ದಿನದಲ್ಲಿ ವರ್ಗಾಯಿಸಬೇಕು, ಆದರೆ ವ್ಯವಹಾರದಲ್ಲಿ ಸಮಯ ಹಾಳಾಗುತ್ತದೆ.

ಅರ್ಜಿಯ ಒಡಲು ಹೀಗಿರಲಿ:

‘2024-25ನೇ ಸಾಲಿನಲ್ಲಿ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ರೋಣ ತಾಲೂಕಿನ ಕಾಮಗಾರಿಗಳ ಪಟ್ಟಿಯ ಪ್ರತಿ. ಪ್ರತಿ ಕಾಮಗಾರಿಯ ಶಿಫಾರಸು ಪತ್ರದ ದಿನಾಂಕ, ಮಂಜೂರಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ, ಮೊತ್ತ, ಅನುಷ್ಠಾನ ಏಜೆನ್ಸಿ, ಈವರೆಗಿನ ಪಾವತಿ, ಪೂರ್ಣಗೊಂಡ ದಿನಾಂಕ. ತಿರಸ್ಕರಿಸಿದ ಶಿಫಾರಸುಗಳ ಕುರಿತ ಪತ್ರಗಳ ಪ್ರತಿ.’

ಕೊನೆಯ ಸಾಲು ಬಿಡಬೇಡಿ, ಹೆಚ್ಚು ತಿಳಿಯುವುದು ಅದರಿಂದಲೇ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ. ಕಡತದಲ್ಲಿ ಇರುವುದನ್ನಷ್ಟೇ ಕೊಡಬೇಕಾದ್ದರಿಂದ ವಿವರಣೆ ಕೇಳಿದ ಅರ್ಜಿ ತಿರಸ್ಕಾರವಾಗುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ, ಮುಂದಿನ ಎಲ್ಲ ಗಡುವು ಆ ದಿನಾಂಕದ ಮೇಲೆ ನಿಂತಿರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ಪಟ್ಟಿ ಕೈಗೆ ಬಂದ ಮೇಲೆ ಸ್ಥಳಕ್ಕೆ ಹೋಗಿ. ಯೋಜನೆಯ ಹೆಸರು, ಮೊತ್ತ ಬರೆದ ಫಲಕ ಇರಲೇಬೇಕು. ಫಲಕದ ಮೊತ್ತವನ್ನು ಆದೇಶದ ಮೊತ್ತಕ್ಕೆ ಹೋಲಿಸಿ, ಫೋಟೊ ತೆಗೆದಿಡಿ. ಸಮುದಾಯ ಭವನವಾದರೆ ಬೀಗ ಯಾರ ಕೈಯಲ್ಲಿದೆ ಅಂತ ಓಣಿಯವರನ್ನು ಕೇಳಿ. ಖಾಸಗಿ ಆಸ್ತಿ, ಪೂಜಾ ಸ್ಥಳಗಳಿಗೆ ಈ ಹಣ ಬಳಸುವಂತಿಲ್ಲ.

ಇದೇ ರೀತಿ ದಿಶಾ ಸಭೆಯ ನಡಾವಳಿಯ ಪ್ರತಿ ಕೇಳಿ. ಕೇಂದ್ರದ ಯೋಜನೆಗಳನ್ನು ಪರಿಶೀಲಿಸಲು ಸಂಸದರ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಸಭೆ ಅದು. ವರ್ಷಕ್ಕೆ ನಾಲ್ಕು ನಡೆದಿವೆಯೇ, ಹಿಂದಿನ ಸಭೆಯ ಸೂಚನೆಗೆ ಅಧಿಕಾರಿಗಳು ಕೊಟ್ಟ ಅನುಪಾಲನಾ ವರದಿ ಇದೆಯೇ, ಇಷ್ಟು ನೋಡಿದರೆ ಸಾಕು.

ಆಸ್ತಿ ಘೋಷಣೆ

ಚುನಾವಣಾ ಆಯೋಗದ ಜಾಲತಾಣದಲ್ಲಿ ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರ ಸಿಗುತ್ತದೆ. ಎರಡು ಚುನಾವಣೆಯದ್ದನ್ನು ಪಕ್ಕಪಕ್ಕ ಇಟ್ಟು ಓದಿ. ಸ್ಥಿರಾಸ್ತಿಯಲ್ಲಿ ಖರೀದಿ ದಿನಾಂಕ, ಖರೀದಿ ಬೆಲೆ, ಈಗಿನ ಮಾರುಕಟ್ಟೆ ಬೆಲೆ ಬೇರೆ ಬೇರೆ ಇರುತ್ತವೆ. ಹಳೆಯ ಹೊಲದ ಬೆಲೆ ಏರಿದ್ದನ್ನು ಹೊಸ ಗಳಿಕೆ ಅಂತ ಬರೆಯುವುದು ಸಾಮಾನ್ಯ ತಪ್ಪು. ಹೊಸದಾಗಿ ಖರೀದಿಸಿದ್ದನ್ನು ಮಾತ್ರ ಐದು ವರ್ಷದ ಆದಾಯದ ಕಾಲಂ ಜೊತೆ ತಾಳೆ ಹಾಕಿ. ಇದು ಅಭ್ಯರ್ಥಿಯ ಸ್ವಂತ ಘೋಷಣೆ. ಸುಳ್ಳು ಹೇಳಿದ್ದು ಸಾಬೀತಾದರೆ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 125ಎ ಅಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ.

ಪತ್ರ ಬರೆಯುವ ಹೊತ್ತು

ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಬರೆದ ಪತ್ರ ತಡವಾದ ಪತ್ರವೇ. ಬಜೆಟ್, ಮಳೆಗಾಲ, ಚಳಿಗಾಲದ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಕಳಿಸಿ. ಒಂದೇ ಪುಟ, ಒಂದೇ ವಿಷಯ, ಯಾವ ಸಚಿವಾಲಯಕ್ಕೆ ಅನ್ನುವುದು ಮೇಲೆಯೇ ಇರಲಿ. ಹಿಂದಿನ ಉತ್ತರದ ಪ್ರಶ್ನೆ ಸಂಖ್ಯೆ ಮತ್ತು ದಿನಾಂಕ ಕಾಣಿಸಿ, ಅದರಲ್ಲಿ ಉತ್ತರಿಸದೆ ಉಳಿದದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಸಂಸದರ ಸಿಬ್ಬಂದಿ ಅದನ್ನು ನೇರವಾಗಿ ಪ್ರಶ್ನೆಯಾಗಿ ಇಳಿಸಿಕೊಳ್ಳುವ ಹಾಗಿರಬೇಕು. ಸಚಿವರಾದ ಸಂಸದರು ಪ್ರಶ್ನೆ ಕೇಳುವಂತಿಲ್ಲವಾದ್ದರಿಂದ ಧಾರವಾಡದವರು ಅದೇ ಪುಟವನ್ನು ಅಕ್ಕಪಕ್ಕದ ಕ್ಷೇತ್ರದ ಸಂಸದರಿಗೆ, ಕರ್ನಾಟಕದ ರಾಜ್ಯಸಭಾ ಸದಸ್ಯರಿಗೆ ಕಳಿಸಿ, ತಮ್ಮ ಸಂಸದರಿಗೂ ಒಂದು ಪ್ರತಿ ಹಾಕಿ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಯಾರೂ ಎತ್ತಿಕೊಳ್ಳದಿದ್ದರೆ ಲೋಕಸಭೆಯ ಅರ್ಜಿಗಳ ಸಮಿತಿಗೆ ಬರೆಯಬಹುದು. ಕನ್ನಡದಲ್ಲಿ ಬರೆದ ಅರ್ಜಿಯಾದರೆ ನೀವೇ ಸಹಿ ಮಾಡಿದ ಇಂಗ್ಲಿಷ್ ಇಲ್ಲವೇ ಹಿಂದಿ ಅನುವಾದ ಜೊತೆಗಿರಬೇಕು.