ಟೆಟ್ರಾಸೈಕ್ಲಿನ್ ಹಲ್ಲು: ಕೊನೆಗೂ ಟ್ರೇನೇ ಗೆದ್ದಿತು

"ಗುರೂ, ಟೆಟ್ರಾಸೈಕ್ಲಿನ್ ಹಲ್ಲಿಗೆ ಬ್ಲೀಚ್ ಹಾಕೋದೂ ಒಂದೇ, ಆ ಜೆಲ್ಲನ್ನ ವಿಶ್ವೇಶ್ವರಯ್ಯ ನಾಲೆಗೆ ಸುರಿಯೋದೂ ಒಂದೇ. ವೆನೀರ್ ಹಾಕಿ ಕಳ್ಸು." ಮೈಸೂರಿನಲ್ಲಿ ಕ್ಲಿನಿಕ್ ಇಟ್ಟಿರುವ ನನ್ನ ಬ್ಯಾಚಿನವನು ಕಳೆದ ದಸರಾಕ್ಕೆ ಸಿಕ್ಕಾಗ ಹೇಳಿದ ಮಾತು. ಟೆಟ್ರಾಸೈಕ್ಲಿನ್ ಹಲ್ಲು ಅಂದರೆ ಚಿಕ್ಕಂದಿನಲ್ಲಿ ಆ ಆಂಟಿಬಯಾಟಿಕ್ ತಿಂದು ಒಳಗಿನಿಂದಲೇ ಬಣ್ಣ ಕೆಟ್ಟ ಹಲ್ಲು. ವೆನೀರ್ ಅಂದರೆ ಹಲ್ಲನ್ನು ಒಂದಿಷ್ಟು ತೇಯ್ದು ಮೇಲೆ ಅಂಟಿಸುವ ತೆಳು ಹೊದಿಕೆ. ಮೊನ್ನೆ ಅವನೇ ಫೋನ್ ಮಾಡಿ ಟ್ರೇ ಹೇಗೆ ಕತ್ತರಿಸಿದೆ ಅಂತ ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೇಷೆಂಟ್ ಮದ್ದೂರು ಕಡೆಯ ಪ್ರೈಮರಿ ಶಾಲೆ ಟೀಚರ್. ನಕ್ಕರೆ ಅಂಗೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಮೇಲಿನ ಮುಂದಿನ ಹಲ್ಲುಗಳಿಗೆಲ್ಲ ಸ್ಲೇಟಿನ ಬಣ್ಣದ ಅಡ್ಡಪಟ್ಟೆ. ಪಕ್ಕದಲ್ಲಿ ಸಿ4 ಶೇಡ್, ಅಂದರೆ ಹಲ್ಲಿನ ಬಣ್ಣ ಅಳೆಯುವ ಪಟ್ಟಿಯ ಕಡುಬಣ್ಣ, ಹಿಡಿದರೆ ಅದೇ ಬೆಳ್ಳಗೆ ಕಾಣುತ್ತಿತ್ತು. ಎಂಟು ಹಲ್ಲಿಗೆ ವೆನೀರ್, ತಲಾ ಏಳು ಸಾವಿರ ಅಂದೆ. ದುಡ್ಡಿನ ಮಾತು ಅವರು ಎತ್ತಲೇ ಇಲ್ಲ. "ಇರೋ ಹಲ್ ತೇಯಾಕೆ ನಾನ್ ಒಪ್ಪಲ್ಲ ಸಾರ್" ಅಂದರು.

ಮೊದಲು ಮಾಡಿದ್ದು ದಡ್ಡತನ. 35 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ನೀಲಿ ಲೈಟು, ಎರಡು ಸಿಟ್ಟಿಂಗ್. ಕುರ್ಚಿಯಿಂದ ಏಳುವಾಗ ಎರಡು ಶೇಡ್ ಇಳಿದಿತ್ತು, ಫೋಟೋನೂ ಹೊಡೆದುಕೊಂಡೆ. ಅದು ಹಲ್ಲು ಒಣಗಿ ಬಂದ ಬಿಳುಪು. ಎಂಟನೇ ದಿನಕ್ಕೆ ಸ್ಲೇಟು ವಾಪಸ್. ತೆಗೆದುಕೊಂಡಿದ್ದ ಆರು ಸಾವಿರ ಹಿಂದಿರುಗಿಸಿದೆ. ಕಿಟ್ಟಿನ ದುಡ್ಡು ನನ್ನ ತಲೆಗೆ.

ಆಮೇಲೆ ಟ್ರೇ. ಹಲ್ಲಿನ ಅಚ್ಚಿಗೆ ಕೂರುವ ತೆಳು ಪ್ಲಾಸ್ಟಿಕ್ ಕವಚ, ಅದರೊಳಗೆ ಬ್ಲೀಚ್ ಜೆಲ್ ಹಾಕಿ ರಾತ್ರಿ ಧರಿಸಿ ಮಲಗುವುದು. 1989ರಲ್ಲಿ ಹೇವುಡ್ ಮತ್ತು ಹೇಮನ್ ಬರೆದ ರಾತ್ರಿ ಟ್ರೇ ವಿಧಾನವೇ, ಹೊಸದೇನಲ್ಲ. ಮೊದಲ ಪ್ಲಾಸ್ಟಿಕ್ ಶೀಟ್ ಹೀಟರ್ ಕೆಳಗೆ ಜೋತುಬೀಳುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಎರಡನೆಯದು ನೆಟ್ಟಗೆ ಬಂತು. ಬೇಗ ಆಗಲಿ ಅಂತ 22 ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಕೊಟ್ಟೆ. ನಾಲ್ಕನೇ ರಾತ್ರಿಗೆ ಜುಮ್ಮೆನ್ನುವುದು ಶುರುವಾಗಿ, ಆಕೆಗೆ ಬಾಯಿಗೆ ತಣ್ಣೀರು ಹಾಕಲೂ ಭಯ. ಹತ್ತು ದಿನ ಎಲ್ಲ ಬಂದ್.

10 ಪರ್ಸೆಂಟಿಗೆ ಇಳಿದ ಮೇಲೆಯೇ ಕೆಲಸ ಹಳಿಗೆ ಬಂದದ್ದು. ದಿನಾ ರಾತ್ರಿ, ಮೇಲಿನ ಆರ್ಚ್, ಅಂದರೆ ಮೇಲಿನ ಹಲ್ಲಿನ ಸಾಲು ಮಾತ್ರ. ಕೆಳಗಿನದನ್ನು ಬೇಕೆಂದೇ ಮುಟ್ಟಲಿಲ್ಲ. ಕನ್ನಡಿಯಲ್ಲಿ ಮೇಲು ಕೆಳಗು ಹೋಲಿಸಿ ನೋಡಿದರಲ್ಲವೇ ಪೇಷೆಂಟಿಗೆ ನಂಬಿಕೆ ಬರುವುದು? ಜುಮ್ಮೆಂದ ದಿನ ಅದೇ ಟ್ರೇಯಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟ್, ಇಪ್ಪತ್ತು ನಿಮಿಷ. ರಿಸರ್ವಾಯರಿಗೆ, ಅಂದರೆ ಟ್ರೇಯೊಳಗೆ ಜೆಲ್ ನಿಲ್ಲುವ ಜಾಗಕ್ಕೆ, ಹಲ್ಲಿನ ಮಾಡೆಲ್ ಮೇಲೆ ನಲವತ್ತು ರೂಪಾಯಿಯ ನೇಲ್ ಪಾಲಿಶ್, ಮೂರು ಕೋಟ್. ವಸಡಿನಂಚಿನಲ್ಲಿ ಜೆಲ್ ಸೋರದಂತೆ ಟ್ರೇಯ ಅಂಚಿಗೆ ಇನ್ನೊಂದು ಕೈಚಳಕವಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬ್ಯಾಚಿನವನಿಗೂ ಹೇಳಿಲ್ಲ.

ಮೂರನೇ ತಿಂಗಳು ಶೇಡ್ ಒಂದಿಷ್ಟೂ ಅಲ್ಲಾಡಲಿಲ್ಲ. ವಿಚಾರಿಸಿದರೆ ಜೆಲ್ ಸಿರಿಂಜುಗಳು ಅವರ ಮನೆಯಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲಿ ಕೂತಿದ್ದವು. ಬಿಸಿ ತಾಗಿದ ಪೆರಾಕ್ಸೈಡ್‌ನಲ್ಲಿ ಏನು ಉಳಿದೀತು? ಎರಡು ಸಿರಿಂಜ್, ಸಾವಿರ ರೂಪಾಯಿ ನೀರುಪಾಲು.

ಈ ನಡುವೆ ಇನ್ನೊಂದು ಎಡವಟ್ಟು. ಬಲಗಡೆ ಲ್ಯಾಟರಲ್ಲಿನಲ್ಲಿ (ನಡುಹಲ್ಲಿನ ಪಕ್ಕದ ಹಲ್ಲು) ಹಳೇ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಇತ್ತು, ಅದಂತೂ ಬ್ಲೀಚಿಗೆ ಬಗ್ಗುವುದಿಲ್ಲ. ಜೆಲ್ ನಿಲ್ಲಿಸಿ ನಾಲ್ಕೇ ದಿನಕ್ಕೆ ಹೊಸದು ಹಾಕಿದೆ. ಎರಡು ವಾರ ಕಾಯಬೇಕೆಂದು ಗೊತ್ತಿದ್ದೂ ಆತುರ. ಸಂಕ್ರಾಂತಿ ದಿನ ಆಕೆ ಕಬ್ಬು ಸಿಗಿಯುವಾಗ ಅದು ಜಲ್ಲೆಗೇ ಅಂಟಿಕೊಂಡು ಬಂತಂತೆ! ಬಿದ್ದದ್ದೇ ಒಳ್ಳೆಯದಾಯಿತು ಅನ್ನಿ, ಹಲ್ಲು ಆಮೇಲೆ ಇನ್ನೂ ಬೆಳ್ಳಗಾಯಿತು, ಆ ಶೇಡ್ ಹೇಗೂ ಕೂಡುತ್ತಿರಲಿಲ್ಲ.

ಬಿಡುವಿನಲ್ಲಿ ನಿಂಬೆಹಣ್ಣಿನ ಹುಚ್ಚನ್ನೂ ಪರೀಕ್ಷೆ ಮಾಡಿದೆ. ವಾರಕ್ಕೊಬ್ಬರಾದರೂ "ನಿಂಬೆಹಣ್ಣು, ಸೋಡಾ ಹಾಕಿ ತಿಕ್ಕುದ್ರೆ ಆಗಲ್ವಾ ಡಾಕ್ಟ್ರೇ" ಅಂತ ಕೇಳುತ್ತಾರಲ್ಲ. ಕಿತ್ತ ಹಲ್ಲೊಂದಕ್ಕೆ ಅರ್ಧ ನೇಲ್ ಪಾಲಿಶ್ ಬಳಿದು ರಾತ್ರಿಯಿಡೀ ನಿಂಬೆರಸದಲ್ಲಿಟ್ಟೆ. ಪಾಲಿಶ್ ಕೆರೆದಾಗ ಅದರಡಿಯ ಭಾಗ ಹೊಳೆಯುತ್ತಿತ್ತು, ಉಳಿದರ್ಧ ಸೀಮೆಸುಣ್ಣದ ಹಾಗೆ. ಟೀ ಡಿಕಾಕ್ಷನ್‌ನಲ್ಲಿ ಎರಡು ದಿನ ಬಿಟ್ಟರೆ ಸೀಮೆಸುಣ್ಣದ ಕಡೆಯೇ ಹೆಚ್ಚು ಕಂದು ಹಿಡಿಯಿತು. ಆ ಹಲ್ಲು ಈಗ ನನ್ನ ಟೇಬಲ್ ಮೇಲಿದೆ. ಯಾರಾದರೂ ನಿಂಬೆ ಅಂದ ಕೂಡಲೇ ಎತ್ತಿ ತೋರಿಸುತ್ತೇನೆ.

ಯುಗಾದಿ ಹೊತ್ತಿಗೆ ಟೀಚರ್ ಹಲ್ಲು ಎ2 ಹತ್ತಿರ, ಅಂದರೆ ಅದೇ ಪಟ್ಟಿಯ ತಿಳಿಬಣ್ಣದ ಹತ್ತಿರ ಬಂದಿತ್ತು. ವಸಡಿನ ಬುಡದಲ್ಲಿ ತೆಳ್ಳಗೆ ಬೂದಿ ಗೆರೆ ಉಳಿದಿದೆ, ಅದು ಹೋಗುತ್ತದೆ ಅಂತ ನಾನು ಮೊದಲೂ ಹೇಳಿರಲಿಲ್ಲ. ನಕ್ಕಾಗ ತುಟಿ ಅಲ್ಲಿಯವರೆಗೆ ಏರುವುದಿಲ್ಲ. ಇಪ್ಪತ್ತು ಇಪ್ಪತ್ತೆರಡು ಸಿರಿಂಜ್, ಒಂದಕ್ಕೆ ಐನೂರರ ಆಸುಪಾಸು. ಆಕೆಯಿಂದ ಕಂತಿನಲ್ಲಿ ಹದಿನೈದು ಸಾವಿರ ತೆಗೆದುಕೊಂಡೆ. ಖರ್ಚು ಕಳೆದರೆ ನನ್ನ ಕೈಗೆ ಉಳಿದದ್ದು ಮೂರೋ ಮೂರೂವರೆಯೋ. ವೆನೀರ್ ಹಾಕಿದ್ದರೆ ಇದರ ಐದಾರು ಪಟ್ಟು ಸಿಗುತ್ತಿತ್ತು, ಬ್ಯಾಚಿನವನು ಈಗಲೂ ಅದನ್ನೇ ಹೇಳಿ ನಗುತ್ತಾನೆ.

ಈಗ ಕೆಳಗಿನ ಆರ್ಚ್ ಏಳನೇ ವಾರದಲ್ಲಿದೆ. ಹೋದ ಶನಿವಾರ ಜೊತೆಗೆ ಅವರ ತಾಯಿಯೂ ಬಂದಿದ್ದರು, ಬಾಯಿ ತುಂಬ ಎಲೆಅಡಿಕೆ. "ನಮ್ದೂ ಅಂಗೇ ಬೆಳ್ಳಗ್ ಮಾಡ್ಕೊಡಪ್ಪ" ಅಂದರು. ಅದು ಹಲ್ಲಿನ ಮೇಲೆ ಕೂತ ಕರೆ, ಅದಕ್ಕೆ ಟ್ರೇ ಯಾಕೆ, ಸ್ಕೇಲರ್ ಇಟ್ಟು ಕೆರೆದು ಪಾಲಿಶ್ ಮಾಡಿದೆ, ಅರ್ಧ ಗಂಟೆ. ಕನ್ನಡಿ ನೋಡಿಕೊಂಡು ಖುಷಿಯಾಗಿ, ಮೆಟ್ಟಿಲಿಳಿಯುವಾಗಲೇ ಸೊಂಟದ ಎಲೆಚೀಲ ಬಿಚ್ಚುತ್ತಿದ್ದರು.