ಸಂಡೂರು ಗುಡ್ಡಕ್ಕೆ ಒಂದು ದಿನದ ಜೀಪ್: ಗಾಳಿ, ಗೇರ್, ಧೂಳು

ಸಂಡೂರು ಗುಡ್ಡದಲ್ಲಿ ಟೈರ್ ಪಂಕ್ಚರ್ ಆಗುವುದು ಕಡಿಮೆ, ಪಕ್ಕೆ ಸೀಳುವುದೇ ಹೆಚ್ಚು. ಇಲ್ಲಿನ ಕಲ್ಲಿನಲ್ಲಿ ಕಬ್ಬಿಣ ತುಂಬಿದೆ. ಒಡೆದರೆ ಮಚ್ಚಿನ ಅಂಚಿನಂತೆ ಒಡೆಯುತ್ತದೆ, ತೂಕ ಹೆಚ್ಚಾದ್ದರಿಂದ ಚಕ್ರ ತಗುಲಿದರೂ ಸುಲಭಕ್ಕೆ ಸರಿಯುವುದಿಲ್ಲ. ಮರಳಿನಲ್ಲಿ ಓಡಿಸಿ ರೂಢಿಯಾದವರು ಟೈರಿನ ಗಾಳಿಯ ಒತ್ತಡವನ್ನು 18 ಪಿಎಸ್ಐಗೆ ಇಳಿಸುತ್ತಾರೆ. ಇಲ್ಲಿ ಅಷ್ಟು ಇಳಿಸಿದರೆ ಟೈರಿನ ಹೊಟ್ಟೆ ಹೊರಗೆ ಉಬ್ಬಿ ನೇರವಾಗಿ ಕಲ್ಲಿನ ಬಾಯಿಗೇ ಸಿಗುತ್ತದೆ. ಇಳಿಸದೆ 32ರಲ್ಲೇ ಬಿಟ್ಟರೆ ಗಾಡಿ ಕಲ್ಲಿಂದ ಕಲ್ಲಿಗೆ ಚೆಂಡಿನಂತೆ ಪುಟಿಯುತ್ತದೆ, ಹಿಂದೆ ಕೂತವರ ಸೊಂಟ ಉಳಿಯುವುದಿಲ್ಲ. 235/70 ಆರ್16 ಅಳತೆಯ ಟೈರಿನ ಹಳೆ ಡೀಸೆಲ್ ಮಹೀಂದ್ರಾ ಥಾರ್‌ಗೆ, ನಾಲ್ಕು ಜನ ಕೂತಾಗ, ನಾನು ಮುಂದೆ 24, ಹಿಂದೆ 26 ಇಡುತ್ತೇನೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಡಾಂಬರಿನ ಮೇಲೆ ಒಂದು ತಾಸು ಓಡಿ ಬಿಸಿಯಾದ ಮೇಲೆ ಅಳೆದರೆ ಮೂರ್ನಾಲ್ಕು ಪಿಎಸ್ಐ ಹೆಚ್ಚೇ ತೋರಿಸುತ್ತದೆ, ಆ ಲೆಕ್ಕ ನಂಬಿ ಬಿಟ್ಟರೆ ಬೇಕಾದ್ದಕ್ಕಿಂತ ಕಡಿಮೆಯಾಗುತ್ತದೆ. ಸ್ಟೆಪ್ನಿ ಎರಡು ಬೇಕು. ಪಕ್ಕೆ ಸೀಳಿದ್ದಕ್ಕೆ ಪಂಕ್ಚರ್ ಬತ್ತಿ ನಿಲ್ಲುವುದಿಲ್ಲ.

ಹೊರಡುವ ಮುನ್ನ ಕಾಗದದ ಕೆಲಸ. ಮೀಸಲು ಅರಣ್ಯದೊಳಗಿನ ಹಾದಿಗೆ ಅರಣ್ಯ ಇಲಾಖೆಯ ಅನುಮತಿ ಬರಹದಲ್ಲಿರಬೇಕು, ಗೇಟಿನ ಕಾವಲುಗಾರನ ಪರಿಚಯ ಸಾಲದು. ಗಣಿ ಗುತ್ತಿಗೆಯ ಜಾಗಕ್ಕೆ, ನೋಡಲು ಎಷ್ಟೇ ಚೆಂದವಿದ್ದರೂ, ಕಾಲಿಡುವಂತಿಲ್ಲ. ದುಡ್ಡು ತೆಗೆದುಕೊಂಡು ಜನರನ್ನು ಕೂರಿಸುವುದಾದರೆ ಹಳದಿ ಬೋರ್ಡಿನ ಗಾಡಿಯೇ ಆಗಬೇಕು. ಬಿಳಿ ಬೋರ್ಡಿನಲ್ಲಿ ಅಪಘಾತವಾದರೆ ವಿಮೆ ಕೈಕೊಡುತ್ತದೆ.

ಬಳ್ಳಾರಿಯಿಂದ ಬೆಳಿಗ್ಗೆ ಐದೂವರೆಗೆ ಬಿಟ್ಟರೆ ತೋರಣಗಲ್ಲು ದಾಟುವಾಗ ಲಾರಿ ಕಡಿಮೆ. ತಿಂಡಿಗೆ ವಗ್ಗರಣೆ-ಮಿರ್ಚಿ ಬೇಡ ಅಂದರೆ ಈ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಆದರೂ ಹಿಂದಿನ ಸೀಟಿನವರಿಗೆ ಮಿರ್ಚಿ ಒಂದೇ ಸಾಕು ಎಂದು ಹೇಳಿಬಿಡುತ್ತೇನೆ, ಉಳಿದದ್ದು ಕುಮಾರಸ್ವಾಮಿ ಗುಡ್ಡದ ತಿರುವುಗಳಲ್ಲಿ ಹೊರಗೆ ಬರುತ್ತದೆ. ನೀರು ತಲೆಗೆ 4 ಲೀಟರ್, ಗಾಡಿಗೆ ಬೇರೆ 5.

ಡಾಂಬರು ಮುಗಿದ ಜಾಗದಲ್ಲಿ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ತಂದು, ಆಮೇಲೆ ಚಿಕ್ಕ ಲಿವರ್ ಅನ್ನು ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲ ಕೊಡುವ 4ಎಲ್‌ಗೆ ಎಳೆಯಬೇಕು. ಕೂರದಿದ್ದರೆ ಬಲ ಹಾಕಬೇಡಿ. ಒಂದಡಿ ಉರುಳಿಸಿ ಮತ್ತೆ ನೋಡಿ, ಹಲ್ಲು ಎದುರುಬದುರು ನಿಂತಿರುತ್ತವೆ ಅಷ್ಟೇ. ಹೊಸಬರು ಮಾಡುವ ದೊಡ್ಡ ತಪ್ಪು, ಮರಳಿ ಡಾಂಬರಿಗೆ ಬಂದಾಗ 2ಎಚ್‌ಗೆ (ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ) ಹಾಕಲು ಮರೆಯುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಸಡಿಲ ನೆಲದಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟ್‌ಗಳು ಹುರಿಗಟ್ಟುತ್ತವೆ. ಸ್ಟೇರಿಂಗ್ ಬಿಗಿ, ಲಿವರ್ ಅಲ್ಲಾಡದು. ಆಗ ಹತ್ತಡಿ ರಿವರ್ಸ್ ಹೋದರೆ ಬಿಗಿ ಬಿಟ್ಟುಕೊಡುತ್ತದೆ.

ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳು ಚಕ್ರದ ಒಳಗೆ ಸುತ್ತಬಾರದು, ಅಂಚಿನ ಮೇಲೆ ಚಾಚಿರಬೇಕು. ಮುಂದಿನ ಟೈರ್ ಕಲ್ಲಿಗೆ ಬಡಿದು ಸ್ಟೇರಿಂಗ್ ತಿರುಗಿದರೆ ಅದರ ಅಡ್ಡಪಟ್ಟಿ ಬೆರಳನ್ನು ಮುರಿದೇ ಹೋಗುತ್ತದೆ.

ಏರು ಅಷ್ಟೇನೂ ಕಷ್ಟವಿಲ್ಲ, ಇಂಜಿನ್‌ಗೆ ಶಕ್ತಿ ಇದ್ದರೆ ಏರುತ್ತದೆ. ನನ್ನ ಗಮನವೆಲ್ಲ ಇಳಿಜಾರಿನ ಮೇಲೆ. ತುದಿಯಲ್ಲಿ ನಿಲ್ಲಿಸಿ, ಇಳಿದು, ನಡೆದು ನೋಡಿ ಬರುತ್ತೇನೆ. ಆಮೇಲೆ 4ಎಲ್, ಮೊದಲ ಗೇರ್, ಎರಡೂ ಕಾಲು ಪೆಡಲ್‌ನಿಂದ ದೂರ. ಗಾಡಿ ಮನುಷ್ಯನ ನಡಿಗೆಯ ವೇಗದಲ್ಲಿ ತಾನೇ ಇಳಿಯುತ್ತದೆ. ಹೆದರಿ ಕ್ಲಚ್ ಒತ್ತಿದಿರೋ, ಇಂಜಿನ್‌ನ ಹಿಡಿತ ತಪ್ಪಿ ಗಾಡಿ ಓಡತೊಡಗುತ್ತದೆ. ಬ್ರೇಕ್ ಜೋರಾಗಿ ಒತ್ತಿದರೆ ಸಡಿಲ ಅದಿರಿನ ಮೇಲೆ ಚಕ್ರ ಕಟ್ಟಿ, ಹಿಂಭಾಗ ಪಕ್ಕಕ್ಕೆ ಬರುತ್ತದೆ. ಹಾಗೆ ಬಂದಾಗ ಮಾಡಬೇಕಾದದ್ದು ಮನಸ್ಸು ಒಪ್ಪದ ಕೆಲಸ: ಬ್ರೇಕ್ ಬಿಟ್ಟು ಎಕ್ಸಲೇಟರ್ ಒಂಚೂರು ಮುಟ್ಟಬೇಕು, ಗಾಡಿ ನೆಟ್ಟಗಾಗುತ್ತದೆ. ಅಡ್ಡಡ್ಡ ಇಳಿಸಿದರೆ ಮಗುಚುತ್ತದೆ. ಉದ್ದಕ್ಕೂ ಬ್ರೇಕಿನಲ್ಲೇ ಇಳಿಸಿದವರ ಗಾಡಿಯಿಂದ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ಪೆಡಲ್ ಹಾಗಾಗಲು ನೀರಿನಂಶ ಹೀರಿದ ಹಳೆ ಬ್ರೇಕ್ ಆಯಿಲ್ ಕುದಿಯುವುದೇ ಕಾರಣ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬಿಸಿಯಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಅರ್ಧ ತಾಸು ನಿಂತರೆ ತಾನೇ ಆರುತ್ತದೆ.

ಸಿಕ್ಕಿಬಿದ್ದ ಗಾಡಿ ಎಳೆಯುವ ಬೆಲ್ಟನ್ನು ಚಾಸಿಗೆ ಬೋಲ್ಟ್ ಹಾಕಿದ ಕೊಕ್ಕೆಗೆ ಮಾತ್ರ ಕಟ್ಟಬೇಕು. ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಚೆಂಡಿಗೆ ಕಟ್ಟಿದರೆ ಅದು ಮುರಿದು ಗುಂಡಿನಂತೆ ಹಾರುತ್ತದೆ. ಬೆಲ್ಟಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ಬೆಲ್ಟಿನ ಎರಡರಷ್ಟು ಉದ್ದ ದೂರ ನಿಲ್ಲಿಸುತ್ತೇನೆ. ಜಾಕ್ ಕೆಳಗಿಡಲು ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆ ಸದಾ ಗಾಡಿಯಲ್ಲಿರುತ್ತದೆ.

ನಾರಿಹಳ್ಳ ಗುಡ್ಡಸಾಲನ್ನು ಸೀಳಿಕೊಂಡು ಹೊರಬೀಳುವ ಉಬ್ಬಲಗಂಡಿಯನ್ನು ಜನ ಹೆಚ್ಚು ನೋಡಬಯಸುವುದು ಸೆಪ್ಟೆಂಬರ್‌ನಲ್ಲಿ, ಗುಡ್ಡ ಹಸಿರಾದಾಗ. ಕಷ್ಟವೆಂದರೆ ಆಗಲೇ ಕೆಂಧೂಳು ನೀರು ಕುಡಿದು ಎಣ್ಣೆಯಂತಾಗಿರುತ್ತದೆ. ನಿಂತ ನೀರಾದರೆ ಕೋಲಿನಲ್ಲಿ ಅಳೆದು ಮೊಣಕಾಲಿನವರೆಗೆ ಇಳಿಸಬಹುದು. ಹರಿಯುವ ನೀರು ಬಣ್ಣ ಬದಲಿಸಿದ್ದರೆ ನಾನು ಗಾಡಿ ತಿರುಗಿಸುತ್ತೇನೆ, ಗಿರಾಕಿ ಎಷ್ಟೇ ಮುಖ ಸಿಂಡರಿಸಲಿ.

ಊಟ ಮುಗಿಸಿ, ಚಿಕ್ಕ ಕಂಪ್ರೆಸರ್‌ನಿಂದ ನಾಲ್ಕೂ ಟೈರಿಗೆ ಗಾಳಿ ತುಂಬಿ ಎರಡಕ್ಕೆ ಸಂಡೂರು ಬಿಟ್ಟರೆ ಬಿಸಿಲಿಳಿಯುವ ಮುನ್ನ ದರೋಜಿ. 1994ರಲ್ಲಿ ಕರಡಿಗಳಿಗಾಗಿಯೇ ಘೋಷಿಸಿದ ಧಾಮವಿದು. ಇಲ್ಲಿ ಜೀಪಿನ ಸಾಹಸ ಏನೂ ಇಲ್ಲ, ವೀಕ್ಷಣಾ ಗೋಪುರದಲ್ಲಿ ಬಾಯಿ ಮುಚ್ಚಿ ಕೂರಬೇಕು. ಎದುರಿನ ಬಂಡೆಗೆ ಬೆಲ್ಲ, ಜೇನು ಬಳಿದಿರುತ್ತಾರೆ. ಮೊದಲು ನವಿಲು ಬರುತ್ತವೆ, ಆಮೇಲೆ ಕಪ್ಪು ಕಲ್ಲೊಂದು ಅಲ್ಲಾಡಿದಂತೆ ಕರಡಿ. ಬೆನ್ನ ಮೇಲೆ ಮರಿ ಇದ್ದರೂ ಬರಿಗಣ್ಣಿಗೆ ತಿಳಿಯದು. ಎಂಟು ಪಟ್ಟು ಹತ್ತಿರ ತೋರಿಸುವ 8×42 ದುರ್ಬೀನು ಎರಡು ಇಟ್ಟುಕೊಂಡರೆ ನಾಲ್ವರಿಗೆ ಸಾಕು.

ರಾತ್ರಿ ಮನೆಗೆ ಬಂದ ಮೇಲಿನ ಕೆಲಸ ಧೂಳಿನದು. ಗಾಡಿ ಎಳೆಯದೆ ಕಪ್ಪು ಹೊಗೆ ಕಕ್ಕಿದರೆ ಹೆಚ್ಚಾಗಿ ಏರ್ ಫಿಲ್ಟರ್ ಕಟ್ಟಿರುತ್ತದೆ, ಆದರೆ ಅಲ್ಲಿವರೆಗೆ ಕಾಯಬಾರದು. ಪ್ರತಿ ಸುತ್ತಿನ ನಂತರ ತೆಗೆದು, ಕಡಿಮೆ ಗಾಳಿಯಲ್ಲಿ ಒಳಗಿನಿಂದ ಹೊರಕ್ಕೆ ಊದಬೇಕು. ಹೊರಗಿನಿಂದ ಊದಿದರೆ ಧೂಳು ಕಾಗದದೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ನೀರಿಗೆ ಇಳಿದ ದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್‌ನ ಆಯಿಲನ್ನು ಬೆರಳಿಗೆ ಹಚ್ಚಿ ನೋಡುತ್ತೇನೆ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರೆಳೆದುಕೊಂಡಿರಬಹುದು. ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ಮರುದಿನದ ಗಿರಾಕಿಗೆ ಆಗಲೇ ಫೋನ್ ಮಾಡಿ ಒಂದು ದಿನ ಮುಂದಕ್ಕೆ ಹಾಕುತ್ತೇನೆ.