ಒಂದೇ ಲ್ಯಾಪ್‌ಟಾಪ್, ಐದನೇ ಕ್ಲಾಸಿನ ಗಣಿತ

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳ ಕೈಗೆ ಕೊಡಬಹುದಾದ ಲ್ಯಾಪ್‌ಟಾಪ್ ಒಂದೇ, ಇಂಟರ್ನೆಟ್ ಬಂದರೆ ಬಂತು. ಉರುಗ್ವೆಯಲ್ಲಿ 2007ರಲ್ಲೇ ಸರ್ಕಾರಿ ಶಾಲೆಯ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಕೊಡಲು ಶುರು ಮಾಡಿದ್ದರಂತೆ. ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳು.

ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರಿಗೆ ಹೆಜ್ಜೆ ಹೆಜ್ಜೆಯಾಗಿ ಸೂಚನೆ ಬರೆಯುವುದನ್ನು ಕಲಿಸಲು ನನಗೆ ದಾರಿ ಸಿಕ್ಕಿದ್ದು ಜಪಾನಿನಿಂದ. ಇಂಗ್ಲೆಂಡಿನಲ್ಲಿ 2014ರಿಂದ ಕಂಪ್ಯೂಟಿಂಗ್ ಅಂತ ಬೇರೆ ವಿಷಯವೇ ಇದೆ, ಐದು ವರ್ಷದ ಮಕ್ಕಳಿಗೂ ಉಂಟು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಪ್ರೋಗ್ರಾಮಿಂಗ್ 2020ರಿಂದ ಕಡ್ಡಾಯ, ಆದರೆ ಅದಕ್ಕೆ ಅಂತ ಬೇರೆ ಪೀರಿಯಡ್ ಇಲ್ಲ. ಐದನೇ ಕ್ಲಾಸಿನ ಗಣಿತದಲ್ಲಿ ಬಹುಭುಜ ಬರೆಯುವಾಗ, ಆರನೇ ಕ್ಲಾಸಿನಲ್ಲಿ ವಿದ್ಯುತ್ ಪಾಠ ಮಾಡುವಾಗ ಅಲ್ಲೇ ಸೇರಿಸಿಕೊಳ್ಳುತ್ತಾರೆ. ನಮಗೂ ಗಣಿತದ ಪೀರಿಯಡ್ ಇದ್ದೇ ಇದೆ, ಅಲ್ವಾ?

ಮೊದಲು ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ಅಂಗಳದಲ್ಲಿ ಒಬ್ಬ ಹುಡುಗಿ ರಂಗೋಲಿ ಪುಡಿ ಉದುರಿಸುತ್ತಾ ನಡೆಯಬೇಕು, ಉಳಿದವರು ಇಷ್ಟು ಹೆಜ್ಜೆ ಮುಂದೆ, ಇಷ್ಟು ಡಿಗ್ರಿ ಬಲಕ್ಕೆ ಅಂತ ಹೇಳಬೇಕು, ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಅವಳು ಜಾಸ್ತಿ ಇಡುವ ಹಾಗಿಲ್ಲ. ಐಡಿಯಾ ನನ್ನದಲ್ಲ. 1960ರ ದಶಕದಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದವರಲ್ಲಿ ಒಬ್ಬರಾದ ಸೇಮೂರ್ ಪ್ಯಾಪರ್ಟ್, ಅದರಲ್ಲಿ ಸೂಚನೆಯಂತೆ ಪರದೆ ಮೇಲೆ ಗೆರೆ ಎಳೆಯುವ ಆಮೆ ಅರ್ಥವಾಗದಿದ್ದರೆ ಮಕ್ಕಳು ತಾವೇ ಆಮೆಯಾಗಿ ನಡೆದು ನೋಡಲಿ ಅನ್ನುತ್ತಿದ್ದರು.

ಚೌಕ ಸಲೀಸಾಗಿ ಬಂತು. ಸಮಬಾಹು ತ್ರಿಭುಜಕ್ಕೆ ಎಲ್ಲರೂ ಒಟ್ಟಿಗೆ "ಅರವತ್ತು ಸಾರ್!" ಅಂದರು. ಮೂರು ಬಾಹು ಮುಗಿದರೂ ಹುಡುಗಿ ಹೊರಟ ಜಾಗಕ್ಕೆ ಬರಲಿಲ್ಲ. ನೀನೇ ತಪ್ಪು ತಿರುಗಿದೆ ಅಂತ ಅವಳ ಮೇಲೆ ಜಗಳ. ನಾನು ಸುಮ್ನಿದ್ದೆ. ಮುಂದುವರಿಸಿದಾಗ ಆರು ಬಾಹುಗೆ ಸರಿಯಾಗಿ ಮುಚ್ಚಿಕೊಂಡು ಷಡ್ಭುಜ ಆಯಿತು. ಆಮೇಲೆ ಒಬ್ಬ ಅವಳು ಮುಖ ಮಾಡಿದ್ದ ದಿಕ್ಕಿಗೆ ಒಂದು ಕೋಲು ಇಟ್ಟ. ಒಳಗಿನ ಕೋನ 60 ಸರಿ, ಆದರೆ ಅವಳು ತಿರುಗಬೇಕಾದ್ದು ಕೋಲಿನಿಂದ 120.

ಆಮೇಲೆ ಸ್ಕ್ರ್ಯಾಚ್, ಅಂದರೆ ಸೂಚನೆಯ ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಮಕ್ಕಳ ತಂತ್ರಾಂಶ. ಇಂಟರ್ನೆಟ್ ಬೇಡದ ಆವೃತ್ತಿ ಹಾಕಿಕೊಂಡಿದ್ದೆ, ಅದರಲ್ಲಿ ಗೆರೆ ಎಳೆಯುವ ಪೆನ್ ಬ್ಲಾಕ್‌ಗಳನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಗುಂಪಿನವರು ನೋಟ್‌ಬುಕ್ಕಿನಲ್ಲಿ ಬರೆದು ತಂದರೆ ಮಾತ್ರ ಲ್ಯಾಪ್‌ಟಾಪ್ ಮುಂದೆ ಜಾಗ. ಒಂದೇ ಮೆಷಿನ್ ಇದ್ದಾಗ ಇದು ಬಿಟ್ಟು ಬೇರೆ ಉಪಾಯ ಕಾಣೆ. ಮೂರು ಸಲ 120, ನಾಲ್ಕು ಸಲ 90, ಆರು ಸಲ 60, ಎಲ್ಲವೂ 360 ಅಂತ ಅವರೇ ಕಂಡುಕೊಂಡರು. ಏಳಕ್ಕೆ 51 ಕೊಟ್ಟರೆ ಸ್ವಲ್ಪ ಬಾಯಿ ಬಿಟ್ಟುಕೊಳ್ಳುತ್ತದೆ, ಭಾಗಾಕಾರದ ಬ್ಲಾಕಿನಲ್ಲಿ 360 ಭಾಗಿಸು 7 ಅಂತಲೇ ಹಾಕಬೇಕು. 36 ಬಾಹುಗೆ ಹೆಜ್ಜೆ 20ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ವೃತ್ತ.

ಈಗ ನಕ್ಷತ್ರದ ಗಲಾಟೆ ನಡೆದಿದೆ. ಐದು ಸಲ 144 ಅಂದರೆ 720 ಆಗುತ್ತದೆ, 360 ಎಲ್ಲಿ ಹೋಯಿತು ಸಾರ್ ಅಂತ ಕೇಳುತ್ತಿದ್ದಾರೆ. ಎಷ್ಟು ಸುತ್ತು ತಿರುಗಿದಿರಿ, ಎಣಿಸಿಕೊಂಡು ಬನ್ನಿ ಅಂತ ಕಳಿಸಿದ್ದೇನೆ.